ಪಾಲಿಹೌಸ್ ದಪ್ಪ ಮೆಣಸಿನಕಾಯಿ: ತಳ ಕಪ್ಪಾಗುತ್ತಿದೆ, ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ. ಮನೆ ಹಿಂದಿನ ಇಳಿಜಾರನ್ನು ಜೆಸಿಬಿಯಲ್ಲಿ ಮಟ್ಟ ಮಾಡಿಸಿ ಹತ್ತು ಗುಂಟೆ ಪಾಲಿಹೌಸ್ ಹಾಕಿದ್ದೇವೆ. ಏಪ್ರಿಲ್ ಎರಡನೇ ವಾರ ದಪ್ಪ ಮೆಣಸಿನಕಾಯಿ ಸಸಿ ನೆಟ್ಟೆವು, ಸುಮಾರು 2500 ಗಿಡ. ಜೂನ್‌ವರೆಗೆ ಗಿಡ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಕಾಯಿಯ ತಳ ಕಪ್ಪಾಗಿ ಒಣಗುತ್ತಿದೆ. ಕೆಳಗಿನ ಎಲೆಗಳಲ್ಲಿ ನರ ಮಾತ್ರ ಹಸಿರು, ಉಳಿದದ್ದೆಲ್ಲ ಹಳದಿ. ಗುಡ್ಡದ ಕಡೆಯ ನಾಲ್ಕೈದು ಸಾಲಿನಲ್ಲಿ ಚಿಗುರೇ ಬಿಳಿಚಿಕೊಂಡಿದೆ. ಕೋಲಾರದ ಕಡೆ ಬೆಳೆಯುವ ನೆಂಟರ ಶೆಡ್ಯೂಲ್ ಪ್ರಕಾರ ವಾರಕ್ಕೆ ಎರಡು ಸಲ 19:19:19 ಮತ್ತು 13:0:45 ಗೊಬ್ಬರ (ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ) ಡ್ರಿಪ್‌ನಲ್ಲಿ ಬಿಡುತ್ತಿದ್ದೇವೆ. ನಾಟಿಗೆ ಮುಂಚೆ ಕೋಳಿ ಗೊಬ್ಬರ, ಕಾಫಿ ಸಿಪ್ಪೆ ಗೊಬ್ಬರ ಚೆನ್ನಾಗಿ ಹಾಕಿದ್ದೆವು. ನೀರು ತೋಡಿನದು, ಅಂದರೆ ಸಣ್ಣ ಹಳ್ಳದ್ದು. ಕ್ಯಾಲ್ಸಿಯಂ ಎರಡು ಸಲ ಸಿಂಪಡಿಸಿದರೂ ಕಡಿಮೆಯಾಗಿಲ್ಲ. ಇನ್ನು ಯಾವ ಗೊಬ್ಬರ ಕೊಡಬೇಕು?

ಉತ್ತರ: ನಮಸ್ಕಾರ. ಈ ವಾರ ಯಾವ ಗೊಬ್ಬರವನ್ನೂ ಕೊಡಬೇಡಿ. ಗೊಬ್ಬರ ಕೇಳಿದವರಿಗೆ ಹೀಗೆ ಹೇಳುವುದು ಒರಟಾಗಿ ಕೇಳಿಸಬಹುದು. ಆದರೆ ನೀವು ಬರೆದಿದ್ದನ್ನು ಎರಡು ಸಲ ಓದಿದೆ. ನಿಮ್ಮ ಗಿಡಕ್ಕೆ ಬಡಿಸಿದ್ದು ಕಡಿಮೆಯಾಗಿಲ್ಲ. ಬಡಿಸಿದ್ದು ಹೊಟ್ಟೆಗೆ ಹೋಗುತ್ತಿಲ್ಲ. ನೀರು ಎಲ್ಲಿಯದು, ಜಾಗ ಹೇಗೆ ಮಟ್ಟ ಮಾಡಿದ್ದು, ಬುಡಕ್ಕೆ ಏನು ಹಾಕಿದ್ದು ಎಂದು ನೀವು ಬಿಡಿಸಿ ಬರೆದಿದ್ದು ಒಳ್ಳೆಯದಾಯಿತು. ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ.

ನಿಮ್ಮಲ್ಲಿ ಇರುವುದು ಒಂದು ತೊಂದರೆ ಅಲ್ಲ, ಮೂರು. ಕಾಯಿಯ ತಳ ಕಪ್ಪಾಗುವುದು ಕ್ಯಾಲ್ಸಿಯಂ ಕೊರತೆ. ಕೆಳಗಿನ ಎಲೆ ನರ ಬಿಟ್ಟು ಹಳದಿಯಾಗುವುದು ಮೆಗ್ನೀಸಿಯಂ ಕೊರತೆ. ಗುಡ್ಡದ ಕಡೆ ಚಿಗುರು ಬಿಳಿಚುವುದು ನೋಡಲು ಕಬ್ಬಿಣದ ಕೊರತೆ, ಆದರೆ ಅಲ್ಲಿ ಕೆಟ್ಟಿರುವುದು ಬೇರು ಅಂತ ನನ್ನ ಅಂದಾಜು. ಮೂರಕ್ಕೂ ಒಂದೇ ಪೊಟ್ಟಣದಲ್ಲಿ ಮದ್ದು ಸಿಗುವುದಿಲ್ಲ.

ಎಲೆಯ ಹಳದಿ ಎಲ್ಲಿಂದ ಶುರುವಾಯಿತು ಅನ್ನುವುದನ್ನು ಮೊದಲು ನೋಡಬೇಕು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡುತ್ತವೆ. ಕೊರತೆ ಬಂದಾಗ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಲಕ್ಷಣ ಕೆಳಗಿನ ಎಲೆಯಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಹಾಗಲ್ಲ. ಒಮ್ಮೆ ಎಲೆಯಲ್ಲಿ ಕೂತರೆ ಅಲ್ಲಿಂದ ಏಳುವುದಿಲ್ಲ. ಹೊಸದಾಗಿ ಬರದೇ ಹೋದರೆ ಚಿಗುರು, ಹೂ, ಎಳೆ ಕಾಯಿಗೇ ಪೆಟ್ಟು. ಇಷ್ಟು ತಿಳಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಈಗ ಕಾಯಿಗೆ ಬರೋಣ. ತಳ ಕಪ್ಪಾದ ಒಂದು ಕಾಯಿ ಕಿತ್ತು ಕೈಯಲ್ಲಿ ಹಿಡಿಯಿರಿ. ಹೂವಿನ ಗುರುತು ಇರುವ ತುದಿಯ ಹತ್ತಿರ, ಕೆಲವು ಸಲ ಅದರ ಪಕ್ಕದ ಮೈಮೇಲೆ, ಮೊದಲು ನೀರು ತುಂಬಿದ ಹಾಗಿನ ಮಚ್ಚೆ ಏಳುತ್ತದೆ. ಆಮೇಲೆ ಅದು ಕಂದು ಬಣ್ಣಕ್ಕೆ ತಿರುಗಿ, ತಗ್ಗಾಗಿ, ಒಣ ತೊಗಲಿನ ಹಾಗೆ ಗಟ್ಟಿಯಾಗುತ್ತದೆ. ಬೆರಳಿನಿಂದ ಒತ್ತಿದರೆ ಪಿಚಕ್ ಅನ್ನುವುದಿಲ್ಲ. ಹಾಗಿದ್ದರೆ ಅದು ಕ್ಯಾಲ್ಸಿಯಂ ತೊಂದರೆಯೇ. ಮೆತ್ತಗಾಗಿ, ಉಂಗುರ ಉಂಗುರವಾಗಿ ಹರಡಿ, ನಡುವೆ ಮಾಸಲು ಗುಲಾಬಿ ಅಂಟು ಕಂಡರೆ ಅದು ಹಣ್ಣು ಕೊಳೆ ರೋಗ, ಅದರ ದಾರಿಯೇ ಬೇರೆ. ಬಿಸಿಲು ಬಿದ್ದ ಮಗ್ಗುಲಲ್ಲಿ ಮಾತ್ರ ಬಿಳಿ ಕಾಗದದ ಹಾಗೆ ಆಗಿದ್ದರೆ ಅದು ಬಿಸಿಲಿನ ಸುಡು. ಇನ್ನೊಂದು ಮಾತು. ಕ್ಯಾಲ್ಸಿಯಂ ಕೊರತೆಯಿಂದ ಸತ್ತ ಭಾಗದ ಮೇಲೆ ಆಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅದನ್ನು ಕಂಡು ಶಿಲೀಂಧ್ರನಾಶಕ ಹೊಡೆಯುವವರು ತುಂಬಾ ಜನ. ಸುಮ್ನೆ ದುಡ್ಡು ದಂಡ.

ನಿಮ್ಮ ಮಣ್ಣಿನಲ್ಲಿ ಕ್ಯಾಲ್ಸಿಯಂ ಪೂರ್ತಿ ಇಲ್ಲವೇ? ಕಡಿಮೆ ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಜೂನ್‌ವರೆಗೆ ಗಿಡ ಚೆನ್ನಾಗಿದ್ದು, ಮಳೆ ಹಿಡಿದ ಮೇಲೆ ಕಾಯಿ ಕೆಟ್ಟಿತು ಅಂದರೆ ಮಣ್ಣೊಂದನ್ನೇ ದೂರುವ ಹಾಗಿಲ್ಲ. ಕ್ಯಾಲ್ಸಿಯಂ ಬೇರಿನಿಂದ ಮೇಲಕ್ಕೆ ಹೋಗುವುದು ನೀರಿನ ಜೊತೆ. ಎಲೆಯಿಂದ ನೀರು ಆವಿಯಾಗಿ ಹೋದರೆ ಬೇರು ಹೊಸ ನೀರು ಎಳೆಯುತ್ತದೆ, ಆ ನೀರಿನಲ್ಲಿ ಕ್ಯಾಲ್ಸಿಯಂ ಬರುತ್ತದೆ. ಎಲೆ ಜೋರಾಗಿ ಎಳೆಯುತ್ತದೆ. ಕಾಯಿಯ ಮೈ ಮೇಣ ಸವರಿದ ಹಾಗಿರುತ್ತದೆ, ಅದರಿಂದ ನೀರು ಆವಿಯಾಗುವುದೇ ಕಡಿಮೆ. ಹಾಗಾಗಿ ಪಂಕ್ತಿಯಲ್ಲಿ ಕಾಯಿಗೆ ಕೊನೆಯ ಎಲೆ. ಅದರಲ್ಲೂ ಕಾಯಿಯ ತುದಿಗೆ ಎಲ್ಲಕ್ಕಿಂತ ಕೊನೆಗೆ.

ಇದರ ಜೊತೆ ನಮ್ಮ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಯನ್ನು ಸೇರಿಸಿ ನೋಡಿ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಗಾಳಿ ಮಳೆಗೆ ಹೆದರಿ ಪಾಲಿಹೌಸ್‌ನ ಪಕ್ಕದ ಪರದೆಗಳನ್ನು ಪೂರ್ತಿ ಇಳಿಸಿರುತ್ತೀರಿ. ಒಳಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ, ತಲೆ ಮೇಲೆ ಶೀಟಿನಿಂದ ತೊಟ್ಟು ತೊಟ್ಟು ನೀರು. ಅಂಥ ಗಾಳಿಯಲ್ಲಿ ಎಲೆಯಿಂದ ನೀರು ಆವಿಯಾಗುವುದಿಲ್ಲ, ಬೇರು ಎಳೆಯುವುದಿಲ್ಲ, ಕ್ಯಾಲ್ಸಿಯಂ ನಿಂತಲ್ಲೇ ನಿಲ್ಲುತ್ತದೆ. ನಡುವೆ ಒಂದು ದಿನ ಫಳ್ ಅಂತ ಬಿಸಿಲು ಬಂದರೆ? ಆಗ ಎಲೆಗಳು ಒಮ್ಮೆಲೇ ಎಳೆಯುತ್ತವೆ, ಬಂದದ್ದೆಲ್ಲ ಎಲೆಗೇ ಹೋಗುತ್ತದೆ. ಎರಡೂ ಸಲ ಕಾಯಿಗೆ ಉಪವಾಸ. ಕಾಯಿ ಕಚ್ಚಿದ ಮೊದಲ ಎರಡು ವಾರ ಅದು ಬೇಗ ಬೇಗ ಉಬ್ಬುತ್ತದೆ. ಆ ಹೊತ್ತಿನಲ್ಲಿ ತಪ್ಪಿದ್ದು ಆಮೇಲೆ ತುಂಬುವುದಿಲ್ಲ. ಅಂದರೆ ಇವತ್ತು ಕಪ್ಪಾಗಿ ಕಾಣುವ ಕಾಯಿಗೆ ಪೆಟ್ಟು ಬಿದ್ದದ್ದು ಇವತ್ತಲ್ಲ, ಎರಡು ಮೂರು ವಾರದ ಹಿಂದೆ.

ನೀವು ಸಿಂಪಡಿಸಿದ ಕ್ಯಾಲ್ಸಿಯಂ ಕೆಲಸ ಮಾಡದೇ ಇರುವುದಕ್ಕೂ ಇದೇ ಕಾರಣ. ಎಲೆ ಮೇಲೆ ಬಿದ್ದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುತ್ತದೆ, ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲ. ಗೋಲಿ ಗಾತ್ರದ ಎಳೆ ಕಾಯಿಯ ಮೈಗೇ ತಾಗಿದರೆ ಸ್ವಲ್ಪ ಉಪಯೋಗ ಇದೆ. ಲೀಟರ್ ನೀರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಸಾಕು, ವಾರಕ್ಕೊಮ್ಮೆ, ಕಾಯಿ ನೆನೆಯುವ ಹಾಗೆ. ಈಗಾಗಲೇ ಕಪ್ಪಾದ ಕಾಯಿ ಯಾವ ಮದ್ದಿಗೂ ವಾಪಸ್ ಬರುವುದಿಲ್ಲ. ಅವನ್ನು ಕಿತ್ತು ಹೊರಗೆ ಹಾಕಿ. ಗಿಡದಲ್ಲೇ ಬಿಟ್ಟರೆ ಒಳ್ಳೆ ಕಾಯಿಯ ಪಾಲನ್ನೂ ತಿನ್ನುತ್ತವೆ.

ಪರದೆಯ ವಿಷಯದಲ್ಲಿ ನಾನು ಸ್ವಲ್ಪ ಹಠ ಮಾಡುತ್ತೇನೆ. ಮಳೆ ಹೊಡೆಯುವ ದಿಕ್ಕಿನ ಪರದೆ ಇಳಿದಿರಲಿ. ಅದರ ಎದುರು ಬದಿಯದ್ದನ್ನು ದಿನಾ ಎತ್ತಿ. ಮಳೆ ಬಿಡುವು ಕೊಟ್ಟ ಕೂಡಲೇ ಎರಡೂ ಬದಿ ಎತ್ತಿ, ಒಂದು ಗಂಟೆಯಾದರೂ ಸರಿ. ಬೆಳಿಗ್ಗೆ ಒಳಗೆ ಹೋದಾಗ ಎಲೆಯ ಅಂಚಿನಲ್ಲಿ ಮಣಿ ಪೋಣಿಸಿದ ಹಾಗೆ ಹನಿ ನಿಂತಿರುತ್ತದೆ, ನೋಡಿದ್ದೀರಲ್ವಾ? ಅದು ಬೇರು ರಾತ್ರಿ ಮೇಲಕ್ಕೆ ತಳ್ಳಿದ ನೀರು. ಆ ಹೊತ್ತಿನಲ್ಲಿ ಕಾಯಿಗೂ ಒಂದಿಷ್ಟು ಕ್ಯಾಲ್ಸಿಯಂ ಹೋಗುತ್ತದೆ. ಹಾಗಾಗಿ ರಾತ್ರಿಯ ತೇವಕ್ಕೆ ನಾನು ಅಷ್ಟು ಹೆದರುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಯಾದರೂ ಆ ಹನಿ ಆರದೇ ಹಾಗೇ ನಿಂತಿದ್ದರೆ ಗಾಳಿ ಸಾಲದು ಅಂತಲೇ ಅರ್ಥ. ಶೀಟಿನ ಮೇಲೆ ಪಾಚಿ ಕಟ್ಟಿದ್ದರೆ ಮಳೆ ನಿಂತ ಕೂಡಲೇ ತೊಳೆಸಿ. ಮೋಡದ ದಿನದಲ್ಲಿ ಇರುವ ಬೆಳಕೇ ಸ್ವಲ್ಪ, ಅದನ್ನೂ ಪಾಚಿ ತಡೆಯುತ್ತದೆ.

ಇನ್ನು ನೀರು. ಹೊರಗೆ ಧೋ ಅಂತ ಸುರಿಯುವಾಗ ಒಳಗೆ ಡ್ರಿಪ್ ಬಿಡಬೇಕು ಅಂತ ಯಾರಿಗೂ ಅನಿಸುವುದಿಲ್ಲ. ಮೂರು ದಿನ ಮರೆತು, ನಾಲ್ಕನೇ ದಿನ ಎರಡು ಗಂಟೆ ಬಿಡುತ್ತಾರೆ. ಈ ಒಣಗು-ನೆನೆ ಆಟ ಕಾಯಿಗೆ ತುಂಬಾ ಕೆಟ್ಟದ್ದು. ಪಾಲಿಹೌಸ್‌ನ ದಪ್ಪ ಮೆಣಸಿನಕಾಯಿಗೆ ಹವೆ ನೋಡಿಕೊಂಡು ಚದರ ಮೀಟರ್‌ಗೆ ದಿನಕ್ಕೆ 2ರಿಂದ 4 ಲೀಟರ್ ನೀರು ಎಂಬ ಲೆಕ್ಕ ಇದೆ. ನಮ್ಮ ಮಳೆಗಾಲದಲ್ಲಿ 2 ಲೀಟರ್ ಕೂಡ ಜಾಸ್ತಿಯಾಗಬಹುದು. ಹಾಗಾಗಿ ಲೆಕ್ಕಕ್ಕಿಂತ ಕೈಯನ್ನು ನಂಬಿ. ಬೆಡ್‌ನಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿದು ಬಿಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿನಲ್ಲಿ ನೀರು ಇಣುಕಬಾರದು. ಉಂಡೆ ಉದುರಿದರೆ ನೀರು ಬಿಡಿ, ನೀರು ಇಣುಕಿದರೆ ಆ ದಿನ ಬಿಡಬೇಡಿ. ಕೊಡುವುದಾದರೆ ದಿನಾ ಸ್ವಲ್ಪ ಸ್ವಲ್ಪ, ಬೆಳಗಿನ ಹೊತ್ತು.

ಡ್ರಿಪ್ಪರ್‌ಗಳನ್ನೂ ಅಳೆದು ನೋಡಿ. ಸುಂಟಿಕೊಪ್ಪದ ಹತ್ತಿರ ಒಂದು ಮನೆಯಲ್ಲಿ ಎರಡು ತಿಂಗಳು ನಾನು ಗೊಬ್ಬರವನ್ನೇ ಬದಲಿಸಿ ಬದಲಿಸಿ ಹೇಳಿದ್ದೆ. ಒಂದು ದಿನ ಆ ಮನೆಯ ಹಿರಿಯರು ಸಾಲಿನ ಕೊನೆಯ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ತೋರಿಸಿದರು. ಕಾಲು ಗಂಟೆಯಲ್ಲಿ ಲೋಟದ ತಳ ಮುಚ್ಚುವಷ್ಟೂ ನೀರು ಬಂದಿರಲಿಲ್ಲ. ಅವತ್ತಿನಿಂದ ನಾನು ಯಾವ ಪಾಲಿಹೌಸ್‌ಗೆ ಹೋದರೂ ಮೊದಲು ಇದನ್ನೇ ಮಾಡುವುದು. ಗಂಟೆಗೆ 2 ಲೀಟರ್‌ನ ಡ್ರಿಪ್ಪರ್ ಆದರೆ 15 ನಿಮಿಷಕ್ಕೆ ಅರ್ಧ ಲೀಟರ್ ಬರಬೇಕು. ಸಾಲಿನ ಮೊದಲು, ನಡು, ಕೊನೆ ಮೂರೂ ಕಡೆ ಬಾಟಲಿ ಇಟ್ಟು ನೋಡಿ. ತೋಡಿನ ನೀರಿನಲ್ಲಿ ಮಳೆಗಾಲದಲ್ಲಿ ಗೋಡು ಜಾಸ್ತಿ, ಫಿಲ್ಟರ್ ದಿನಾ ತೊಳೆಯಲೇಬೇಕು.

ಈಗ ಕೋಲಾರದ ಶೆಡ್ಯೂಲ್ ವಿಷಯ. ನಿಮ್ಮ ನೆಂಟರು ತಪ್ಪು ಹೇಳಿಲ್ಲ. ಅವರ ನೀರಿಗೆ ಅದು ಸರಿ. ಅಲ್ಲಿ ಆಳದ ಬೋರ್‌ವೆಲ್ ನೀರು, ಗಡಸು. ಆ ನೀರಿನಲ್ಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತದೆ. ಗೊಬ್ಬರದಲ್ಲಿ ಕೊಡದಿದ್ದರೂ ನೀರಿನ ಜೊತೆ ದಿನಾ ಒಂದಿಷ್ಟು ಗಿಡಕ್ಕೆ ಹೋಗುತ್ತಿರುತ್ತದೆ. ನಮ್ಮ ತೋಡಿನ ನೀರು ಮಳೆ ನೀರಿನ ಹಾಗೆ ಮೆದು. ಸೋಪು ಹಚ್ಚಿದರೆ ಬುರುಬುರು ನೊರೆ ಬರುತ್ತದೆ, ಪಾತ್ರೆಯಲ್ಲಿ ಬಿಳಿ ಕಲೆ ಕಟ್ಟುವುದಿಲ್ಲ. ಮನೆಗೆ ಅದು ಒಳ್ಳೆಯದು, ಆದರೆ ಗಿಡಕ್ಕೆ ಆ ನೀರಿನಿಂದ ಸುಣ್ಣದ ಅಂಶ ಸಿಗುವುದಿಲ್ಲ. ಅಲ್ಲಿನ ಮಣ್ಣಿಗೂ ಇಲ್ಲಿನ ಮಣ್ಣಿಗೂ ಇದೇ ಕಥೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಸಾವಿರಾರು ವರ್ಷ ಸುರಿದ ಮಳೆ ಈ ಗುಡ್ಡಗಳ ಮಣ್ಣಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗಿದೆ, ಮಣ್ಣು ಹುಳಿಯಾಗಿದೆ. ಕಾಫಿ ತೋಟಕ್ಕೆ ಸುಣ್ಣ ಎರಚುವುದನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಿ. ಅದು ಈ ಹುಳಿ ಕಳೆಯುವುದಕ್ಕೇ. ಕಾಫಿಗೆ ಸುಣ್ಣ ಹಾಕುವ ನಾವು ಪಾಲಿಹೌಸ್ ಕಟ್ಟಿಸುವಾಗ ಮಾತ್ರ ಯಾಕೋ ಅದನ್ನು ಮರೆಯುತ್ತೇವೆ.

ಶೆಡ್ಯೂಲ್‌ನಲ್ಲಿರುವ ಗೊಬ್ಬರಗಳನ್ನೂ ನೋಡಿ. 13:0:45 ಅಂದರೆ ಪೊಟ್ಯಾಷ್ ಜಾಸ್ತಿ. ನೀವು ಬುಡಕ್ಕೆ ಹಾಕಿದ ಕಾಫಿ ಸಿಪ್ಪೆ ಗೊಬ್ಬರದಲ್ಲೂ ಪೊಟ್ಯಾಷ್ ಜಾಸ್ತಿ. ಜೊತೆಗೆ ಬಚ್ಚಲ ಒಲೆಯ ಬೂದಿಯನ್ನೂ ಹಾಕಿದ್ದರೆ ಇನ್ನಷ್ಟು. ಬೇರಿನ ಬಾಗಿಲಲ್ಲಿ ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರೂ ನೂಕಾಡುತ್ತವೆ. ಪೊಟ್ಯಾಷ್ ಗುಂಪು ದೊಡ್ಡದಾದರೆ ಉಳಿದೆರಡು ಹೊರಗೇ ನಿಲ್ಲುತ್ತವೆ. ಕಾಯಿಯ ತಳ ಕಪ್ಪು, ಕೆಳಗಿನ ಎಲೆ ಹಳದಿ, ಎರಡೂ ಒಟ್ಟಿಗೆ ಬಂದದ್ದು ನೋಡಿದರೆ ನಿಮ್ಮಲ್ಲಿ ಇದೇ ಆಗಿರಬೇಕು. 19:19:19ರಲ್ಲಿರುವ ಸಾರಜನಕದ ಹೆಚ್ಚಿನ ಪಾಲು ಯೂರಿಯಾ ಮತ್ತು ಅಮೋನಿಯಾ ರೂಪದ್ದು. ಸರಿಯಾಗಿ ಕಳಿಯದ ಕೋಳಿ ಗೊಬ್ಬರದಿಂದಲೂ ಅಮೋನಿಯಾ ಬಿಡುಗಡೆಯಾಗುತ್ತದೆ. ಬೆಚ್ಚಗಿರುವ ಒಳ್ಳೆಯ ಮಣ್ಣಿನಲ್ಲಿ ಅದು ಬೇಗ ನೈಟ್ರೇಟ್ ಆಗಿಬಿಡುತ್ತದೆ. ನಮ್ಮ ತಂಪಾದ ಹುಳಿ ಮಣ್ಣಿನಲ್ಲಿ ಹಾಗೆ ಆಗುವುದು ನಿಧಾನ. ಉಳಿದ ಅಮೋನಿಯಾ ಕೂಡ ಕ್ಯಾಲ್ಸಿಯಂ ಒಳಗೆ ಬರದ ಹಾಗೆ ತಡೆಯುತ್ತದೆ.

ಆದ್ದರಿಂದ ಒಂದು ವಾರ ಬರೀ ನೀರು. ಅದೂ ಮುಷ್ಟಿ ಪರೀಕ್ಷೆ ಮಾಡಿಕೊಂಡು. ಆಮೇಲೆ ಶೆಡ್ಯೂಲ್ ಬದಲಿಸೋಣ. ಎರಡು ಡ್ರಮ್ ಇಟ್ಟುಕೊಳ್ಳಿ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ. ಇನ್ನೊಂದರಲ್ಲಿ ಮೆಗ್ನೀಸಿಯಂ ಸಲ್ಫೇಟ್ ಮತ್ತು ಉಳಿದವು. ಎರಡನ್ನೂ ಒಂದೇ ಡ್ರಮ್‌ಗೆ ಸುರಿಯಲೇಬೇಡಿ. ಕ್ಯಾಲ್ಸಿಯಂ, ಸಲ್ಫೇಟ್ ಸೇರಿದರೆ ಜಿಪ್ಸಂ ಆಗುತ್ತದೆ. ಕ್ಯಾಲ್ಸಿಯಂ, ರಂಜಕ ಸೇರಿದರೂ ಗಸಿ ಕೂರುತ್ತದೆ. ಡ್ರಮ್ಮಿನ ತಳದಲ್ಲಿ ಹಾಲಿನ ಹಾಗೆ ಬಿಳಿ ಕಂಡರೆ ನಿಮ್ಮ ಗೊಬ್ಬರ ಗಿಡಕ್ಕೆ ಹೋಗುವ ಬದಲು ಡ್ರಿಪ್ಪರ್‌ನಲ್ಲಿ ಕೂರಲು ಹೊರಟಿದೆ ಅಂತ ತಿಳಿಯಿರಿ. ಒಂದು ದಿನ ಒಂದು ಡ್ರಮ್, ಇನ್ನೊಂದು ದಿನ ಇನ್ನೊಂದು. ಆಗ ಗೊಂದಲವೇ ಇಲ್ಲ.

ಹತ್ತು ಗುಂಟೆಗೆ, ಕಾಯಿ ಬಿಡುವ ಗಿಡಕ್ಕೆ, ವಾರಕ್ಕೆ ಎರಡು ಸಲ 1 ಕೆಜಿ ಕ್ಯಾಲ್ಸಿಯಂ ನೈಟ್ರೇಟ್‌ನಿಂದ ಶುರು ಮಾಡಿ. ಇದರಲ್ಲಿ ಸಾರಜನಕ ನೂರಕ್ಕೆ 15.5 ಭಾಗ ಇದೆ, ಬಹುಪಾಲು ನೈಟ್ರೇಟ್ ರೂಪದ್ದೇ. ಹಾಗಾಗಿ 19:19:19ನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿದರೂ ಗಿಡ ಸೊರಗುವುದಿಲ್ಲ. 13:0:45ನ್ನು ವಾರಕ್ಕೆ ಒಂದೇ ಸಲ ಮಾಡಿ, 1 ಕೆಜಿ ಮೀರಬೇಡಿ. ಮೆಗ್ನೀಸಿಯಂ ಸಲ್ಫೇಟ್ ವಾರಕ್ಕೆ 1 ಕೆಜಿ. ಇದು ಆರಂಭದ ಲೆಕ್ಕ, ಮಣ್ಣು ಪರೀಕ್ಷೆ ವರದಿ ಬಂದ ಮೇಲೆ ಹೆಚ್ಚು ಕಡಿಮೆ ಮಾಡಬೇಕು. ಇನ್ನೊಂದು ಎಚ್ಚರಿಕೆ. ಪಾಲಿಹೌಸ್ ಒಳಗೆ ಮಳೆ ಬೀಳುವುದಿಲ್ಲ. ಹೊರಗಿನ ಗದ್ದೆಯಲ್ಲಿ ಜಾಸ್ತಿ ಹಾಕಿದ ಗೊಬ್ಬರ ಮಳೆಗೆ ಕೊಚ್ಚಿ ಹೋಗುತ್ತದೆ, ಒಳಗೆ ಅದು ಉಪ್ಪಾಗಿ ಅಲ್ಲೇ ಉಳಿಯುತ್ತದೆ. ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆಯುವುದೇ ಕಷ್ಟ. ನೀರು ಬರದಿದ್ದರೆ ಕ್ಯಾಲ್ಸಿಯಂ ಕೂಡ ಬರುವುದಿಲ್ಲ. ಬೆಡ್ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಸಾಧ್ಯವಾದರೆ ಉಪ್ಪಿನ ಅಂಶ ಅಳೆಯುವ ಒಂದು ಇಸಿ ಮೀಟರ್, ಹುಳಿ ಅಳೆಯುವ ಒಂದು ಪಿಎಚ್ ಮೀಟರ್ ತಂದಿಟ್ಟುಕೊಳ್ಳಿ. ಎರಡು ಚೀಲ ಗೊಬ್ಬರಕ್ಕಿಂತ ಅವು ನಿಮಗೆ ಹೆಚ್ಚು ಉಪಕಾರ ಮಾಡುತ್ತವೆ.

ಕೆಳಗಿನ ಎಲೆಯ ಹಳದಿಗೆ ಬೇಗ ಗುಣ ಕಾಣಬೇಕಾದರೆ ಲೀಟರ್‌ಗೆ 5 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಎಲೆಗೆ ಸಿಂಪಡಿಸಿ, ವಾರ ಬಿಟ್ಟು ವಾರ ಮೂರು ಸಲ. ಮೆಗ್ನೀಸಿಯಂ ಎಲೆಯ ಮೂಲಕವೂ ಚೆನ್ನಾಗಿ ಒಳಗೆ ಹೋಗುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಟ್ಯಾಂಕಿಗೆ ಬೆರೆಸಬೇಡಿ. ಪೂರ್ತಿ ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ಬೇಸರ ಬೇಡ. ಹಳದಿ ಮೇಲಿನ ಎಲೆಗೆ ಏರುವುದು ನಿಂತಿತಾ ಅನ್ನುವುದೇ ಲೆಕ್ಕ.

ಗುಡ್ಡದ ಕಡೆಯ ಸಾಲುಗಳಿಗೆ ಬರುತ್ತೇನೆ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಜೆಸಿಬಿ ಇಳಿಜಾರನ್ನು ಮಟ್ಟ ಮಾಡುವಾಗ ಗುಡ್ಡದ ಬದಿ ಕಡಿದು ಕೆಳಬದಿಗೆ ತುಂಬುತ್ತದೆ. ಮೇಲಿನ ಕಪ್ಪು ಮಣ್ಣೆಲ್ಲ ಕೆಳಗಿನ ಸಾಲುಗಳ ಪಾಲಾಗುತ್ತದೆ. ಗುಡ್ಡದ ಕಡೆ ಉಳಿಯುವುದು ಎಂದೂ ಗಾಳಿ ಬೆಳಕು ಕಾಣದ ಒಳಗಿನ ಕೆಂಪು ಮಣ್ಣು. ಅದರಲ್ಲಿ ಸಾವಯವ ಅಂಶ ಇಲ್ಲ, ಹುಳಿಯೂ ಜಾಸ್ತಿ. ಪಿಎಚ್ 5ಕ್ಕಿಂತ ಕೆಳಗಿಳಿದರೆ ಮಣ್ಣಿನಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ. ಅದರ ಮೇಲೆ ಮಳೆಗಾಲದಲ್ಲಿ ಕಡಿದ ಗುಡ್ಡದಿಂದ ಜಲ ಒಸರಿ ಬೆಡ್ ಅಡಿಗೆ ಬರುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ. ಕೊಡಗಿನ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಬಣ್ಣವೇ ಹೇಳುತ್ತದೆ. ಆದರೂ ಚಿಗುರು ಕಬ್ಬಿಣ ಸಿಗದ ಹಾಗೆ ಬಿಳಿಚಿದರೆ ಎಳೆಯುವ ಬೇರು ಕೆಟ್ಟಿದೆ ಅಂತಲೇ ಮೊದಲು ಅನುಮಾನಿಸಬೇಕು.

ಆ ಸಾಲಿನಲ್ಲಿ ಒಂದು ಸೊರಗಿದ ಗಿಡ ಆರಿಸಿ. ಎಳೆದು ಕೀಳಬೇಡಿ, ಗುದ್ದಲಿಯಿಂದ ಸುತ್ತ ಬಿಡಿಸಿ ಮಣ್ಣು ಸಮೇತ ಎತ್ತಿ. ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಕಳೆಯಿರಿ. ಬೇರು ಬೆಳ್ಳಗೆ, ತುದಿಯಲ್ಲಿ ದಾರದಂಥ ಎಳೆಬೇರು ಇದ್ದರೆ ಬೇರು ಚೆನ್ನಾಗಿದೆ. ಕಂದಾಗಿ, ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ನೀರು ನಿಂತು ಕೊಳೆತಿದೆ. ಅಕ್ಕಿ ಕಾಳಿನಷ್ಟು, ಕಡಲೆಯಷ್ಟು ಗಂಟುಗಳು ಬೇರಿನ ಮೈಯಲ್ಲೇ ಇದ್ದರೆ ಅದು ಬೇರುಗಂಟು ಜಂತು. ಜಂತು ಇದ್ದರೆ ನನಗೆ ಮತ್ತೆ ಬರೆಯಿರಿ, ಆ ಚಿಕಿತ್ಸೆ ಬೇರೆ. ನೀರು ನಿಂತಿದ್ದರೆ ಪಾಲಿಹೌಸ್ ಮತ್ತು ಗುಡ್ಡದ ನಡುವೆ ಒಂದೂವರೆ ಎರಡು ಅಡಿ ಆಳದ ಬಸಿಗಾಲುವೆ ತೆಗೆಸಿ, ನೀರು ಪಕ್ಕಕ್ಕೆ ಹರಿದು ಹೋಗುವ ಹಾಗೆ. ಮಳೆ ಬಿಡುವ ತನಕ ಕಾಯಬೇಡಿ, ನಾಳೆಯೇ ಆಳು ಕರೆಯಿರಿ. ಈ ಒಂದು ಕೆಲಸ ಆಗದೆ ಆ ಸಾಲುಗಳಿಗೆ ಕಬ್ಬಿಣದ ಚೀಲೇಟ್ (ಗಿಡಕ್ಕೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ) ಹಾಕುವುದು ದಂಡ. ಕಾಲುವೆ ಆದ ಮೇಲೆ ಒಂದೆರಡು ಸಲ ಎಲೆಗೆ ಸೂಕ್ಷ್ಮ ಪೋಷಕಾಂಶ ಕೊಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವೆಜಿಟೇಬಲ್ ಸ್ಪೆಷಲ್’ ಇದಕ್ಕೆ ಒಳ್ಳೆಯದು. ಪೊಟ್ಟಣದ ಮೇಲೆ ಬರೆದ ಪ್ರಮಾಣವನ್ನು ಮೀರಬೇಡಿ.

ಚಿಗುರಿನ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಹೊಸ ಎಲೆ ಸಣ್ಣದಾಗಿ, ದಪ್ಪವಾಗಿ, ಮುರುಟಿಕೊಂಡು, ಮುರಿದರೆ ಟಪ್ ಅಂದರೆ ಎಲ್ಲರೂ ಬೋರಾನ್ ಕೊರತೆ ಅನ್ನುತ್ತಾರೆ. ಇರಬಹುದು, ನಮ್ಮ ಮಳೆ ಮಣ್ಣಿನಲ್ಲಿ ಬೋರಾನ್ ಬೇಗ ತೊಳೆದು ಹೋಗುತ್ತದೆ. ಆದರೆ ಮೈಟ್ ನುಸಿ ಹತ್ತಿದರೂ ಚಿಗುರು ಹೀಗೇ ಆಗುತ್ತದೆ. ಎಲೆ ಕೆಳಮುಖ ದೋಣಿಯಂತೆ ಮಡಚಿ, ಹಿಂಬದಿ ಕಂಚಿನ ಬಣ್ಣಕ್ಕೆ ಹೊಳೆದರೆ ನುಸಿ ಅಂತ ಅನುಮಾನಿಸಿ. ಎಲೆ ಮೇಲ್ಮುಖ ದೊನ್ನೆಯಾದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ನುಸಿಗೆ ಬೋರಾನ್ ಹೊಡೆದರೆ ನುಸಿ ಸಾಯುವುದಿಲ್ಲ, ಗಿಡಕ್ಕೆ ವಿಷವಾಗುತ್ತದೆ. ಬೋರಾನ್‌ನಲ್ಲಿ ಸಾಲದು ಮತ್ತು ಜಾಸ್ತಿಯಾಯಿತು ಇವುಗಳ ನಡುವಿನ ಅಂತರ ತೀರಾ ಕಡಿಮೆ. ಪರೀಕ್ಷೆಯಲ್ಲಿ ಕೊರತೆ ಅಂತ ಬಂದರೆ ಮಾತ್ರ, ನಾಟಿಗೆ ಮುಂಚೆ ಹತ್ತು ಗುಂಟೆಗೆ 1 ಕೆಜಿ ಬೋರಾಕ್ಸ್ ಸಾಕು. ಮರಳಲ್ಲಿ ಬೆರೆಸಿ ಸಮನಾಗಿ ಎರಚಿ.

ಇದೆಲ್ಲ ಈಗಿರುವ ಬೆಳೆ ಉಳಿಸಿಕೊಳ್ಳುವ ಮಾತು. ಕೊರತೆ ಬಾರದ ಹಾಗೆ ತಡೆಯುವುದು ನಾಟಿಗೆ ಎರಡು ತಿಂಗಳು ಮುಂಚೆಯೇ ಆಗಬೇಕು. ನಿಮ್ಮ ಮನೆಗೆ ಒಂದಲ್ಲ, ಎರಡು ಮಣ್ಣಿನ ಮಾದರಿ ಬೇಕು. ಕಡಿದ ಬದಿಯದ್ದು ಒಂದು, ತುಂಬಿದ ಬದಿಯದ್ದು ಒಂದು. ಎರಡನ್ನೂ ಬೆರೆಸಿ ಕಳಿಸಿದರೆ ಬರುವ ವರದಿ ಎರಡಕ್ಕೂ ಸುಳ್ಳು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರ ಸಲಹೆಯನ್ನೂ ಕೇಳಬಹುದು. ಪಿಎಚ್ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್, ಬೋರಾನ್, ಸತು ಎಲ್ಲ ನೋಡಿಸಿ. ಬರೀ ಸಾರಜನಕ-ರಂಜಕ-ಪೊಟ್ಯಾಷ್ ವರದಿ ನಮ್ಮ ಊರಿಗೆ ಸಾಲದು.

ದಪ್ಪ ಮೆಣಸಿನಕಾಯಿಗೆ ಪಿಎಚ್ 6ರಿಂದ 6.8ರ ಒಳಗೆ ಇದ್ದರೆ ಒಳ್ಳೆಯದು. ನಿಮ್ಮಲ್ಲಿ 5ರ ಆಸುಪಾಸು ಬಂದರೆ ಹತ್ತು ಗುಂಟೆಗೆ 300ರಿಂದ 500 ಕೆಜಿ ಕೃಷಿ ಸುಣ್ಣ ಬೇಕಾಗಬಹುದು. ವರದಿಯಲ್ಲಿ ಹೇಳಿದ ಪ್ರಮಾಣವೇ ಕೊನೆಯ ಮಾತು. ಮೆಗ್ನೀಸಿಯಂ ಕೂಡ ಕಡಿಮೆ ಇರುವುದರಿಂದ ಡೋಲೊಮೈಟ್ ಆರಿಸಿ, ಅದರಲ್ಲಿ ಎರಡೂ ಇದೆ. ಕಾಫಿ ಗಿಡಕ್ಕೆ ಮಾಡುವ ಹಾಗೆ ಮೇಲೆ ಎರಚಿ ಬಿಟ್ಟರೆ ಇಲ್ಲಿ ಆಗುವುದಿಲ್ಲ. ಸುಣ್ಣ ಮಣ್ಣಿನೊಳಗೆ ತಾನಾಗಿ ಇಳಿಯುವುದು ತೀರಾ ನಿಧಾನ. ಒಂದು ಗೇಣು ಆಳಕ್ಕೆ ಬೆರೆಸಿ, ತೇವ ಕೊಟ್ಟು, ಒಂದು ತಿಂಗಳಾದರೂ ಬಿಡಿ. ಕೊಟ್ಟಿಗೆ ಗೊಬ್ಬರವನ್ನು ಅದರ ಜೊತೆಗೇ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಹಾಕಿ. ಹಾಗಂತ ಬೇಕಾದ್ದಕ್ಕಿಂತ ಜಾಸ್ತಿ ಸುಣ್ಣ ಸುರಿದರೆ ಕಬ್ಬಿಣ, ಸತು, ಬೋರಾನ್ ಸಿಗದೆ ಹೊಸ ತಲೆನೋವು ಶುರುವಾಗುತ್ತದೆ. ಕುಶಾಲನಗರದ ಬಯಲಿನ ಕಡೆ ಮಳೆ ಎಷ್ಟೋ ಕಡಿಮೆ, ಅಲ್ಲಿ ಕೆಲವು ಮಣ್ಣಿಗೆ ಸುಣ್ಣವೇ ಬೇಡದಿರಬಹುದು. ಹಾಗಾಗಿ ಪಕ್ಕದ ಊರಿನವರ ಲೆಕ್ಕ ನಿಮಗೆ ಬೇಡ.

ಕೋಳಿ ಗೊಬ್ಬರವನ್ನು ಮುಂದಿನ ಸಲ ಮೂರು ತಿಂಗಳು ಗುಂಡಿಯಲ್ಲಿ ಕೊಳೆಸಿಯೇ ಹಾಕಿ. ಮೂಗಿಗೆ ಹಿಡಿದರೆ ಕಣ್ಣು ಚುರುಕ್ ಅನ್ನಬಾರದು. ಕಾಫಿ ಸಿಪ್ಪೆ ಗೊಬ್ಬರ ಒಳ್ಳೆಯದೇ, ಅದನ್ನು ಕಡಿದ ಬದಿಯ ಕೆಂಪು ಮಣ್ಣಿಗೆ ಹೆಚ್ಚು ಕೊಡಿ, ತುಂಬಿದ ಬದಿಗೆ ಕಡಿಮೆ. ಅದು ಹಾಕಿದ ಕಡೆ 13:0:45ನ್ನು ಮೊದಲ ಎರಡು ತಿಂಗಳು ಮುಟ್ಟುವುದೇ ಬೇಡ. ಸಾಧ್ಯವಾದರೆ ನಾಟಿಯ ತಿಂಗಳನ್ನೂ ಯೋಚಿಸಿ. ಏಪ್ರಿಲ್‌ನಲ್ಲಿ ನೆಟ್ಟರೆ ಕಾಯಿ ಉಬ್ಬುವ ಹೊತ್ತು ಸರಿಯಾಗಿ ಕಕ್ಕಡದ ಮಳೆಗೆ ಸಿಕ್ಕಿಕೊಳ್ಳುತ್ತದೆ. ಆಗಸ್ಟ್ ಕೊನೆಗೆ ನೆಟ್ಟರೆ ಕೈಲ್‌ಪೊಳ್ದ್ ಹಬ್ಬದ (ಸೆಪ್ಟೆಂಬರ್ ಮೊದಲ ವಾರ) ಹೊತ್ತಿಗೆ ಬಿಸಿಲು ಇಣುಕುತ್ತದೆ, ಮೊದಲ ಕಾಯಿ ಒಳ್ಳೆಯ ಹವೆಯಲ್ಲಿ ಬೆಳೆಯುತ್ತದೆ. ಮಾರುಕಟ್ಟೆ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು, ಗಿಡದ ಲೆಕ್ಕ ಇದು.

ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಇಷ್ಟು: ಕಪ್ಪಾದ ಕಾಯಿ ಕೀಳಿ, ಮಳೆ ಹೊಡೆಯದ ಬದಿಯ ಪರದೆ ಎತ್ತಿ, ಡ್ರಿಪ್ಪರ್ ಕೆಳಗೆ ಬಾಟಲಿ ಇಡಿ, ಗುಡ್ಡದ ಸಾಲಿನ ಒಂದು ಗಿಡ ಎತ್ತಿ ಬೇರು ನೋಡಿ. ಕ್ಯಾಲ್ಸಿಯಂ ನೈಟ್ರೇಟ್ ಶುರು ಮಾಡಿದ ದಿನ ಆಗಷ್ಟೇ ಕಚ್ಚಿದ ಹತ್ತು ಕಾಯಿಗಳಿಗೆ ಒಂದೊಂದು ಬಣ್ಣದ ದಾರ ಕಟ್ಟಿ, ತಾರೀಖು ಬರೆದಿಡಿ. ಮೂರು ವಾರದ ಮೇಲೆ ಆ ಹತ್ತರಲ್ಲಿ ಎಷ್ಟರ ತಳ ಕಪ್ಪಾಗಿದೆ ಎಂದು ಎಣಿಸಿ ನನಗೆ ಬರೆಯಿರಿ. ಅಷ್ಟು ಹೊತ್ತಿಗೆ ಮಣ್ಣಿನ ವರದಿಯೂ ಬಂದಿರುತ್ತದೆ. ಸುಣ್ಣದ ಲೆಕ್ಕವನ್ನು ಆಗ ಕೂತು ಮಾಡೋಣ.